ಕಂಪ್ಯೂಟರ್ ಗೊಂಬೆಯ ಮೈಮೇಲಿನ ಕಲೆ: ರೋಗ ಯಾವುದು, ಮದ್ದು ಯಾವುದು?

ಕಂಪ್ಯೂಟರಿನಲ್ಲಿ ನೀವು ಒಂದು ಮನುಷ್ಯಾಕೃತಿಯನ್ನು ರಚಿಸಿದ್ದೀರಿ ಎಂದು ಇಟ್ಟುಕೊಳ್ಳೋಣ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಅದು ನೆಟ್ಟಗೆ ನಿಂತಿದೆ. ಮೈಬಣ್ಣ, ಅಂಗಿ, ತಲೆಗೂದಲು ಎಲ್ಲವೂ ಅಚ್ಚುಕಟ್ಟು. ಈಗ ಅದರ ಕೈಯನ್ನು ಮಡಿಸಿ, ನೀರಿನ ಲೋಟವನ್ನು ಬಾಯಿಯ ಬಳಿಗೆ ತಂದು, ದೀಪ ಹಾಕಿ ಚಿತ್ರ ತೆಗೆಯುತ್ತೀರಿ. ತೆರೆಯ ಮೇಲೆ ಮೂಡಿದ ಚಿತ್ರದಲ್ಲಿ ಮೊಣಕೈ, ಮಡಿಸಿದ ರಬ್ಬರ್ ಕೊಳವೆಯಂತೆ ಚಪ್ಪಟೆಯಾಗಿದೆ. ಕಂಕುಳ ಹತ್ತಿರ ಒಂದು ಕಪ್ಪು ಮಚ್ಚೆ ಬಿದ್ದಿದೆ. ಅಂಗಿಯನ್ನು ತೂರಿಕೊಂಡು ಹೊಟ್ಟೆಯ ಚರ್ಮ ಹೊರಗೆ ಇಣುಕುತ್ತಿದೆ. ಕೆನ್ನೆಯ ಮೇಲೆ ಬಾಚಣಿಗೆಯಿಂದ ಎಳೆದಂತೆ ಕಪ್ಪು ಗೆರೆಗಳು. ಸ್ವಲ್ಪ ಹೊತ್ತಿನ ಹಿಂದೆ ಚೆನ್ನಾಗಿಯೇ ಇದ್ದ ಗೊಂಬೆಗೆ ಏನಾಯಿತು?

ಹೊಸದಾಗಿ ಕಲಿಯುವವರು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೈಗೆ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿ ನೋಡುತ್ತಾರೆ. ದೀಪದ ಪ್ರಖರತೆಯನ್ನು ಹೆಚ್ಚಿಸುತ್ತಾರೆ, ಚರ್ಮದ ಬಣ್ಣವನ್ನು ಬದಲಿಸುತ್ತಾರೆ, ಮಚ್ಚೆ ಕಾಣದ ಹಾಗೆ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸುತ್ತಾರೆ. ಒಂದು ದೋಷ ಮರೆಯಾಗುವಷ್ಟರಲ್ಲಿ ಇನ್ನೆರಡು ಹುಟ್ಟಿಕೊಳ್ಳುತ್ತವೆ. ಯಾವ ಬದಲಾವಣೆಯಿಂದ ಏನಾಯಿತು ಎಂಬುದೇ ನೆನಪಿನಲ್ಲಿ ಉಳಿಯದೆ, ಕೊನೆಗೆ ಹಲವು ದಿನಗಳ ದುಡಿಮೆಯನ್ನು ಅಳಿಸಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ರೋಗವನ್ನು ಗುರುತಿಸದೆ ಔಷಧಿ ಕೊಟ್ಟರೆ ಆಗುವುದೇ ಹೀಗೆ.

ಇದನ್ನು ಕೇವಲ ಅಂದಚೆಂದದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಕೀಲುಗಳುಳ್ಳ ಇಂಥ ಗೊಂಬೆಗಳು ಸಿನಿಮಾ ಮತ್ತು ವಿಡಿಯೋ ಆಟಗಳನ್ನು ದಾಟಿ ಬಹಳ ದೂರ ಬಂದಿವೆ. ಅಂಗರಚನೆಯನ್ನು ಕಲಿಸಲು, ಚಿಕಿತ್ಸೆಯ ವ್ಯಾಯಾಮಗಳನ್ನು ತೋರಿಸಲು, ಸಂಜ್ಞಾಭಾಷೆಯ ಕೈಚಲನೆಗಳನ್ನು ಮೂಡಿಸಲು ಇವು ಬಳಕೆಯಾಗುತ್ತಿವೆ. ಸಂಜ್ಞಾಭಾಷೆಯಲ್ಲಿ ಬೆರಳಿನ ಮಡಿಕೆ, ಅಂಗೈ ತಿರುಗಿರುವ ದಿಕ್ಕು ಇವುಗಳಲ್ಲೇ ಅರ್ಥವಿದೆ. ಗೊಂಬೆಯ ಬೆರಳು ಕೀಲಿನಲ್ಲಿ ಕುಸಿದು ವಿಕಾರವಾದರೆ, ಅದನ್ನು ನೋಡಿಯೇ ಮಾತನ್ನು ತಿಳಿಯಬೇಕಾದವರಿಗೆ ಒಂದು ಪದ ಇನ್ನೊಂದಾಗಿ ಕಾಣಬಹುದು, ಅಥವಾ ಏನೂ ತಿಳಿಯದೆ ಹೋಗಬಹುದು. ಆದ್ದರಿಂದ ದೋಷವನ್ನು ಕ್ರಮಬದ್ಧವಾಗಿ ಹುಡುಕುವ ವಿದ್ಯೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಗೊಂಬೆಯ ಒಳಗೆ ಏನಿದೆ?

ತೆರೆಯ ಮೇಲಿನ ಗೊಂಬೆಗೆ ರಕ್ತಮಾಂಸಗಳಿಲ್ಲ, ಅದು ಟೊಳ್ಳು. ಅದರ ಮೈ ಎಂದರೆ ಸಣ್ಣ ಸಣ್ಣ ತ್ರಿಭುಜ, ಚತುರ್ಭುಜಗಳನ್ನು ಅಂಚಿಗೆ ಅಂಚು ಸೇರಿಸಿ ಹೆಣೆದ ಒಂದು ಜಾಲ. ಈ ಜಾಲದ ಪ್ರತಿಯೊಂದು ಮೂಲೆಯನ್ನೂ ಶೃಂಗ ಎಂದು ಕರೆಯೋಣ. ಪ್ರತಿ ಶೃಂಗದ ಸ್ಥಾನವನ್ನು ಎಡಬಲ, ಮೇಲೆಕೆಳಗೆ, ಹಿಂದೆಮುಂದೆ ಎಂಬ ಮೂರು ಅಳತೆಗಳು ಹೇಳುತ್ತವೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಕ್ಯಾಟ್‌ಮಲ್ 1972ರಲ್ಲಿ ತಮ್ಮ ಎಡಗೈಯ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ತ್ರಿಭುಜ ಮತ್ತು ಬಹುಭುಜಗಳನ್ನು ಬರೆದು, ಅವುಗಳ ಮೂಲೆಗಳ ಅಳತೆಯನ್ನು ಕಂಪ್ಯೂಟರಿಗೆ ಊಡಿಸಿದರು. ಆ ಲೆಕ್ಕದ ಕೈ ತೆರೆಯ ಮೇಲೆ ಬೆರಳು ಮಡಿಸಿತು, ಬಿಡಿಸಿತು. ಈ ಕಿರುಚಿತ್ರ 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸ್ಥಾನ ಪಡೆಯಿತು. ಕ್ಯಾಟ್‌ಮಲ್ ಮುಂದೆ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಪ್ಯಾಟ್ ಹನ್ರಹಾನ್ ಅವರೊಂದಿಗೆ 2019ರ ಟ್ಯೂರಿಂಗ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜಾಲದ ಒಳಗೆ ಕಣ್ಣಿಗೆ ಕಾಣದ ಅಸ್ಥಿಪಂಜರವೊಂದಿದೆ. ಯಾವ ಮೂಳೆ ತಿರುಗಿದಾಗ ಯಾವ ಶೃಂಗ ಎಷ್ಟು ಸರಿಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಜಾಲದ ಮೇಲೆ ಬಣ್ಣದ ಹೊದಿಕೆಯಿದೆ. ಇದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಹೊರಗೆ ದೀಪಗಳೂ ಒಂದು ಕ್ಯಾಮೆರಾವೂ ಇವೆ. ಇವೂ ಲೆಕ್ಕದಲ್ಲಿ ಮಾತ್ರ ಇರುವಂಥವು. ಜಾಲ, ಮೂಳೆ, ಹೊದಿಕೆ, ದೀಪ, ಕ್ಯಾಮೆರಾ ಎಲ್ಲವನ್ನೂ ಸೇರಿಸಿ, ತೆರೆಯ ಪ್ರತಿಯೊಂದು ಚುಕ್ಕೆಗೂ ಯಾವ ಬಣ್ಣ ಬರಬೇಕೆಂದು ಗುಣಿಸಿ ಭಾಗಿಸಿ ನಿರ್ಧರಿಸುವ ಕೆಲಸವೇ ರೆಂಡರಿಂಗ್. ಅಡ್ಡ 1920, ಉದ್ದ 1080 ಚುಕ್ಕೆಗಳ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ.

ಕಂಪ್ಯೂಟರಿಗೆ ಮೊಣಕೈ ಎಂದರೇನು, ಅಂಗಿ ಎಂದರೇನು ಎಂಬುದು ತಿಳಿಯದು. ಕೊಟ್ಟ ಸಂಖ್ಯೆಗಳನ್ನು ಕೊಟ್ಟ ನಿಯಮದಂತೆ ಲೆಕ್ಕ ಹಾಕುತ್ತದೆ, ಅಷ್ಟೆ. ಚಿತ್ರದಲ್ಲಿ ಕಾಣುವ ವಿಕಾರಕ್ಕೆ ಯಾವುದೋ ಒಂದು ಹಂತದ ಸಂಖ್ಯೆಯೋ ನಿಯಮವೋ ಕಾರಣವಾಗಿರಲೇಬೇಕು. ಯಾವ ಹಂತ ಎಂಬುದನ್ನು ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಕೇಳಬೇಕಾದ ಪ್ರಶ್ನೆ ಒಂದೇ

ದೂರದರ್ಶನದ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಒಂದು ಉಪಾಯ ಚೆನ್ನಾಗಿ ಗೊತ್ತು. ಅತಿಥಿಯ ಹಣೆಯ ಮೇಲೆ ಒಂದು ಮಚ್ಚೆ ಕಾಣುತ್ತಿದೆ ಎನ್ನಿ. ಕ್ಯಾಮೆರಾವನ್ನು ತುಸು ತಿರುಗಿಸುತ್ತೇವೆ. ಮಚ್ಚೆ ತೆರೆಯ ಅದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಅದು ಮಸೂರದ ಮೇಲಿನ ಧೂಳು. ಒಂದು ದೀಪವನ್ನು ಆರಿಸಿದಾಗ ಮಾಯವಾದರೆ ಅದು ಬೆಳಕಿನ ಪ್ರತಿಫಲನ. ಅತಿಥಿ ತಲೆಯಾಡಿಸಿದಾಗ ತಲೆಯೊಂದಿಗೇ ಸಾಗಿದರೆ ಅದು ಮೇಕಪ್ಪಿನ ಕಲೆ. ಮೂರು ಸಣ್ಣ ಪರೀಕ್ಷೆಗಳು, ಮೂರು ಬೇರೆ ಬೇರೆ ಉತ್ತರಗಳು.

ಕಂಪ್ಯೂಟರ್ ಗೊಂಬೆಗೂ ಇದೇ ಸೂತ್ರ ಸಲ್ಲುತ್ತದೆ. ದೋಷ ಎಲ್ಲಿ ಕಾಣುತ್ತದೆ ಎಂದು ಕೇಳುವ ಮೊದಲು, ದೋಷ ಯಾವುದರ ಜೊತೆಗೆ ಬದಲಾಗುತ್ತದೆ ಎಂದು ಕೇಳಬೇಕು. ಕೀಲನ್ನು ಮಡಿಸಿದಾಗ ಹುಟ್ಟಿ, ನೇರ ಮಾಡಿದಾಗ ಹೋಗುತ್ತದೆಯೇ? ದೀಪವನ್ನು ಸರಿಸಿದಾಗ ಬದಲಾಗುತ್ತದೆಯೇ? ಕ್ಯಾಮೆರಾವನ್ನು ಸರಿಸಿದಾಗ ಮಿನುಗುತ್ತದೆಯೇ? ಇವು ಯಾವುದಕ್ಕೂ ಜಗ್ಗದೆ ನಿಲ್ಲುತ್ತದೆಯೇ? ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಉಳಿದವೆಲ್ಲ ಇದ್ದ ಹಾಗೇ ಇರಬೇಕು. ಪ್ರಯೋಗಶಾಲೆಯಲ್ಲಿ ನೀವು ಕಲಿತಿರುವ ಪಾಠವೂ ಇದೇ ಅಲ್ಲವೇ?

ಕೀಲಿನ ಜೊತೆ ಬರುವ ದೋಷ

ಮೊದಲು ಮೊಣಕೈಯನ್ನೇ ತೆಗೆದುಕೊಳ್ಳೋಣ. ತೋಳಿನ ನಡುವೆ ಇರುವ ಶೃಂಗ ಮೇಲ್ತೋಳಿನ ಮೂಳೆಯ ಮಾತನ್ನು ಮಾತ್ರ ಕೇಳುತ್ತದೆ. ಮುಂಗೈಯ ನಡುವಿನ ಶೃಂಗ ಮುಂಗೈ ಮೂಳೆಯ ಮಾತನ್ನು ಮಾತ್ರ ಕೇಳುತ್ತದೆ. ಆದರೆ ಮೊಣಕೈಯ ಸುತ್ತಲಿನ ಶೃಂಗಗಳು ಇಬ್ಬರು ಯಜಮಾನರ ನಡುವೆ ಸಿಕ್ಕಿಕೊಂಡಿವೆ. ಅವುಗಳಿಗೆ ಮೇಲ್ತೋಳಿನ ಪಾಲು 0.5, ಮುಂಗೈಯ ಪಾಲು 0.5 ಎಂದು ಹಂಚಿಕೊಡುತ್ತಾರೆ. ಈ ಪಾಲಿಗೆ ತೂಕ ಎಂದು ಹೆಸರು. ಮೇಲ್ತೋಳನ್ನು ಹಿಂಬಾಲಿಸಿದ್ದರೆ ಶೃಂಗ ಎಲ್ಲಿರುತ್ತಿತ್ತು, ಮುಂಗೈಯನ್ನು ಹಿಂಬಾಲಿಸಿದ್ದರೆ ಎಲ್ಲಿರುತ್ತಿತ್ತು ಎಂದು ಎರಡು ಸ್ಥಾನಗಳನ್ನು ಲೆಕ್ಕ ಹಾಕಿ, ತೂಕಕ್ಕೆ ತಕ್ಕಂತೆ ಸರಾಸರಿ ತೆಗೆಯುತ್ತಾರೆ. 1988ರಲ್ಲಿ ನಾಡಿಯಾ ಮ್ಯಾಗ್ನೆನಾ-ಥಾಲ್ಮಾನ್ ಮತ್ತು ಸಂಗಡಿಗರು ಗೊಂಬೆಯ ಕೈ ವಸ್ತುವನ್ನು ಹಿಡಿಯುವ ಚಲನೆಗಾಗಿ ಕೀಲುಗಳನ್ನು ಅವಲಂಬಿಸಿದ ಇಂಥ ವಿಧಾನವೊಂದನ್ನು ಪ್ರಕಟಿಸಿದರು. ಲೆಕ್ಕ ಸುಲಭವಾದ್ದರಿಂದ ತೂಕದ ಸರಾಸರಿ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ.

ತೊಂದರೆ ಇರುವುದು ಈ ಸರಾಸರಿಯಲ್ಲೇ. ಕಾಗದ, ಕೈವಾರ, ಕೋನಮಾಪಕ ತೆಗೆದುಕೊಳ್ಳಿ. 5 ಸೆಂಟಿಮೀಟರ್ ತ್ರಿಜ್ಯದ ಒಂದು ವೃತ್ತ ಬರೆಯಿರಿ. ಪರಿಧಿಯ ಮೇಲೆ 90 ಡಿಗ್ರಿ ಅಂತರದಲ್ಲಿ ಎರಡು ಬಿಂದುಗಳನ್ನು ಗುರುತಿಸಿ, ಸರಳರೇಖೆಯಿಂದ ಸೇರಿಸಿ, ಆ ರೇಖೆಯ ಮಧ್ಯಬಿಂದುವಿನಿಂದ ಕೇಂದ್ರಕ್ಕೆ ಎಷ್ಟು ದೂರ ಎಂದು ಅಳೆಯಿರಿ. 5 ಸೆಂಟಿಮೀಟರ್ ಇರಬೇಕಾದದ್ದು ಸುಮಾರು 3.5 ಮಾತ್ರ ಇರುತ್ತದೆ. ಅಂತರವನ್ನು 120 ಡಿಗ್ರಿಗೆ ಏರಿಸಿದರೆ 2.5 ಉಳಿಯುತ್ತದೆ. 180 ಡಿಗ್ರಿಗೆ ಏರಿಸಿದರೆ ಮಧ್ಯಬಿಂದು ಕೇಂದ್ರದಲ್ಲೇ ಬಂದು ಕೂರುತ್ತದೆ, ದೂರ ಸೊನ್ನೆ. ವೃತ್ತದ ಮೇಲೆ ಸಾಗಬೇಕಾದ ಬಿಂದುವನ್ನು ಸರಾಸರಿಯು ಅಡ್ಡದಾರಿಯಲ್ಲಿ, ಅಂದರೆ ಜ್ಯಾದ ಮೇಲೆ, ಕರೆದೊಯ್ಯುತ್ತದೆ. ಕೋನದ ಅರ್ಧದ ಕೊಸೈನ್ ಬೆಲೆ ಎಷ್ಟೋ ಅಷ್ಟು ಭಾಗ ಮಾತ್ರ ದಪ್ಪ ಉಳಿಯುತ್ತದೆ. ಮೊಣಕೈ ಚಪ್ಪಟೆಯಾದದ್ದರ ಗುಟ್ಟು ಇದೇ.

ಮಣಿಕಟ್ಟು ತಿರುಗಿದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಗೈ ಮೇಲೆ ಮಾಡಿದ್ದ ಗೊಂಬೆಯ ಕೈಯನ್ನು ಪೂರ್ತಿ ಕೆಳಮುಖ ಮಾಡಿದರೆ, ಮಣಿಕಟ್ಟಿನ ಬಳಿ ಚರ್ಮ ಹಿಂಡಿಹೋಗಿ, ಎರಡೂ ತುದಿ ತಿರುಚಿದ ಚಾಕಲೇಟು ಕಾಗದದಂತೆ ಆಗುತ್ತದೆ. ಈ ಕಸುಬಿನವರು ಇದನ್ನು ಮಿಠಾಯಿ ಕಾಗದದ ದೋಷವೆಂದೇ ಕರೆಯುತ್ತಾರೆ.

ನಿಮ್ಮ ಕೈಯಲ್ಲಿ ಹೀಗೇಕೆ ಆಗುವುದಿಲ್ಲ? ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಂಡು ಬಲ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ. ಮೊಣಕೈ ಹತ್ತಿರದ ಚರ್ಮ ಹೆಚ್ಚುಕಡಿಮೆ ಕದಲುವುದಿಲ್ಲ. ಮುಂಗೈಯ ನಡುವೆ ಸ್ವಲ್ಪ ತಿರುಗುತ್ತದೆ. ಮಣಿಕಟ್ಟಿನ ಬಳಿ ಪೂರ್ತಿ ತಿರುಗುತ್ತದೆ. ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ರೇಡಿಯಸ್ ಎಂಬುದು ಅಲ್ನಾ ಎಂಬುದರ ಮೇಲೆ ಅಡ್ಡ ಹಾಯುವುದರಿಂದ ತಿರುಚು ಇಡೀ ಮುಂಗೈಗೆ ಹಂಚಿಹೋಗುತ್ತದೆ. ಗೊಂಬೆಗೂ ಇದನ್ನೇ ಮಾಡಬೇಕು. ಮುಂಗೈಯಲ್ಲಿ ಹೆಚ್ಚುವರಿ ತಿರುಚು ಮೂಳೆಗಳನ್ನು ಇಟ್ಟು 90 ಡಿಗ್ರಿಯನ್ನು ಮೂರು ಕಡೆ 30, 30, 30 ಎಂದು ಹಂಚಿದರೆ, ಒಂದೇ ಕೀಲಿನಲ್ಲಿ ನೂರಕ್ಕೆ 29ರಷ್ಟಿದ್ದ ನಷ್ಟ ಪ್ರತಿ ಕೀಲಿಗೂ ನೂರಕ್ಕೆ ಮೂರುವರೆಗಿಂತ ಕಡಿಮೆಗೆ ಇಳಿಯುತ್ತದೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ.

ಬೇರೆ ಮದ್ದುಗಳೂ ಇವೆ. ಕೈ ಇಷ್ಟು ಮಡಿದಾಗ ಮೊಣಕೈಯ ಆಕಾರ ಹೀಗಿರಬೇಕು ಎಂದು ಕಲಾವಿದರು ಕೈಯಿಂದಲೇ ತಿದ್ದಿಟ್ಟು, ಕೀಲು ಮಡಿಯುತ್ತಿದ್ದಂತೆ ಆ ತಿದ್ದುಪಡಿ ತಾನಾಗಿ ಕೂಡಿಕೊಳ್ಳುವಂತೆ ಮಾಡುವುದು ಒಂದು. ಭಂಗಿಯಿಂದ ಭಂಗಿಗೆ ಹೀಗೆ ತಿದ್ದುವ ಕ್ರಮಕ್ಕೆ 2000ದಲ್ಲಿ ಲೂಯಿಸ್, ಕಾರ್ಡ್‌ನರ್, ಫಾಂಗ್ ಎಂಬ ಮೂವರು ಗಣಿತದ ಚೌಕಟ್ಟು ಒದಗಿಸಿದರು. ಸರಾಸರಿ ತೆಗೆಯುವ ನಿಯಮವನ್ನೇ ಬದಲಿಸುವುದು ಇನ್ನೊಂದು. ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್ ಸಂಖ್ಯೆಗಳ ವಿಸ್ತೃತ ರೂಪವೊಂದನ್ನು ಲಾಡಿಸ್ಲಾವ್ ಕಾವನ್ ಮತ್ತು ಸಂಗಡಿಗರು 2007ರಲ್ಲಿ ಇದಕ್ಕೆ ಅಳವಡಿಸಿದರು. ಆಗ ಬಿಂದು ಜ್ಯಾವನ್ನು ಬಿಟ್ಟು ವೃತ್ತದ ಮೇಲೆಯೇ ಸಾಗುತ್ತದೆ. ಕುಸಿತ ತಪ್ಪುತ್ತದೆ, ಆದರೆ ಹೆಚ್ಚು ಮಡಿಸಿದ ಕೀಲು ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಪ್ರತಿ ಔಷಧಿಗೂ ಅದರದೇ ಆದ ಪಥ್ಯವಿದೆ.

ತೂಕ ಹಂಚುವಾಗ ಆಗುವ ಎಡವಟ್ಟುಗಳೂ ಕೀಲಿನ ಜೊತೆಗೇ ಬರುತ್ತವೆ. ಕೈ ಎತ್ತಿದಾಗ ಪಕ್ಕೆಯ ಚರ್ಮ ಬಬಲ್‌ಗಮ್ಮಿನಂತೆ ಹಿಗ್ಗಿದರೆ, ಪಕ್ಕೆಯ ಶೃಂಗಗಳಲ್ಲಿ ತೋಳಿನ ಮೂಳೆಗೂ ಒಂದು ಪಾಲು ಸೇರಿದೆ ಎಂದರ್ಥ. ಯಾವ ಮೂಳೆ ಹತ್ತಿರವೋ ಅದಕ್ಕೆ ಪಾಲು ಎಂದು ಕಂಪ್ಯೂಟರ್ ತಾನೇ ತೂಕ ಹಂಚುವಾಗ ಹೀಗಾಗುವುದುಂಟು. ಗೊಂಬೆಯನ್ನು ಮೊದಲು ಕೈ ಚಾಚಿ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ: ಆಗ ತೋಳು ಪಕ್ಕೆಯಿಂದ ದೂರವಿರುತ್ತದೆ. ಗೊಂಬೆ ನಡೆದು ಮುಂದೆ ಹೋದಾಗ ಮೈಯಿಂದ ಒಂದು ಉದ್ದನೆಯ ಮುಳ್ಳು ಹಿಂದಕ್ಕೆ ಚಾಚಿಕೊಂಡರೆ, ಯಾವ ಮೂಳೆಗೂ ಸೇರದ ಅನಾಥ ಶೃಂಗವೊಂದು ಅಲ್ಲೇ ನಿಂತುಬಿಟ್ಟಿದೆ. ಪ್ರತಿ ಶೃಂಗದ ತೂಕಗಳನ್ನು ಕೂಡಿದರೆ 1 ಬರಬೇಕು ಎಂಬ ನಿಯಮವನ್ನು ಮರೆಯಬಾರದು.

ಅಂಗಿಯಿಂದ ಹೊಟ್ಟೆ ಇಣುಕುವುದೂ ಇದೇ ಜಾತಿಯ ರೋಗ. ಗೊಂಬೆ ಬಾಗಿದಾಗ ಮಾತ್ರ ಕಂಡುಬಂದರೆ, ಅಂಗಿಯ ಶೃಂಗಗಳ ತೂಕವೂ ಅದರ ಕೆಳಗಿನ ಚರ್ಮದ ತೂಕವೂ ಬೇರೆ ಬೇರೆಯಾಗಿವೆ. ಚರ್ಮದ ತೂಕವನ್ನೇ ಅಂಗಿಗೆ ನಕಲು ಮಾಡಬೇಕು. ಅಂಗಿಯ ಕೆಳಗೆ ಎಂದೂ ಕಾಣದ ಚರ್ಮವನ್ನು ಮರೆಮಾಡಿಬಿಡುವುದು ಇನ್ನೂ ಸುಲಭ.

ದೀಪದ ಜೊತೆ ಬದಲಾಗುವ ದೋಷ

ಕಪ್ಪು ಮಚ್ಚೆಯ ವಿಚಾರಕ್ಕೆ ಬರೋಣ. ಮೇಲ್ಮೈಯೊಂದು ಎಷ್ಟು ಬೆಳಗುತ್ತದೆ ಎಂಬುದು, ಅದಕ್ಕೆ ಎಳೆದ ಲಂಬಕ್ಕೂ ಬೆಳಕು ಬರುವ ದಿಕ್ಕಿಗೂ ಇರುವ ಕೋನವನ್ನು ಅವಲಂಬಿಸಿದೆ. ಲ್ಯಾಂಬರ್ಟ್ 1760ರಲ್ಲಿ ತಮ್ಮ ಗ್ರಂಥದಲ್ಲಿ ಬಳಸಿದ ಈ ಕೊಸೈನ್ ನಿಯಮವೇ ಇಂದಿನ ಚಿತ್ರಲೆಕ್ಕಕ್ಕೂ ಅಡಿಪಾಯ. ದೀಪ ನೇರವಾಗಿ ಎದುರಿಗಿದ್ದರೆ ಪೂರ್ಣ ಬೆಳಕು, 60 ಡಿಗ್ರಿ ಓರೆಯಾದರೆ ಅರ್ಧ, 90ಕ್ಕೆ ಸೊನ್ನೆ. ಅದಕ್ಕಿಂತ ಹೆಚ್ಚಾದರೆ ಕೊಸೈನ್ ಋಣಸಂಖ್ಯೆಯಾಗುತ್ತದೆ. ಋಣಬೆಳಕು ಎಂಬುದಿಲ್ಲವಾದ್ದರಿಂದ ಅದನ್ನೂ ಸೊನ್ನೆ ಎಂದೇ ಎಣಿಸುತ್ತಾರೆ.

ಕಾಗದದ ತುಂಡಿಗೆ ಎರಡು ಮುಖಗಳಿರುವಂತೆ ಜಾಲದ ತ್ರಿಭುಜಕ್ಕೂ ಎರಡು ಮುಖಗಳಿವೆ. ಹೊರಮುಖ ಯಾವುದು ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಮೂರು ಮೂಲೆಗಳನ್ನು ಎಣಿಸುವ ಕ್ರಮವೇ ಅದಕ್ಕೆ ಗುರುತು. ಗಡಿಯಾರದ ಮುಳ್ಳಿಗೆ ಎದುರಾಗಿ ಎಣಿಸಿದಂತೆ ಕಂಡರೆ ಅದು ಹೊರಮುಖ ಎಂಬುದು ಸಾಮಾನ್ಯ ರೂಢಿ. ದೇಹದ ಬಲಭಾಗವನ್ನು ರಚಿಸಿ, ಅದರ ಕನ್ನಡಿಬಿಂಬವನ್ನು ಎಡಭಾಗವಾಗಿ ಜೋಡಿಸುವುದು ಎಲ್ಲರೂ ಮಾಡುವ ಕೆಲಸ. ಕನ್ನಡಿಯಲ್ಲಿ ಗಡಿಯಾರದ ದಿಕ್ಕು ತಿರುವುಮುರುವಾಗುತ್ತದೆ ಎಂಬುದನ್ನು ನೆನಪಿಡಿ. ಎಣಿಕೆಯ ಕ್ರಮವನ್ನು ಅಲ್ಲಿ ಸರಿಪಡಿಸದಿದ್ದರೆ ಲಂಬ ದೇಹದ ಒಳಕ್ಕೆ ಚಾಚಿಕೊಂಡು, ಬೆಳಗಬೇಕಾದ ಚರ್ಮ ಕಪ್ಪಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಆ ತುಂಡು ಮಾಯವೇ ಆಗಿ ತೂತು ಬಿದ್ದಂತೆ ಕಾಣುತ್ತದೆ.

ಇದನ್ನು ಗುರುತಿಸುವುದು ಸುಲಭ. ನೆರಳಿನ ಲೆಕ್ಕವನ್ನು ನಿಲ್ಲಿಸಿ, ದೀಪವನ್ನು ಗೊಂಬೆಯ ಸುತ್ತ ಒಂದು ಸುತ್ತು ತಿರುಗಿಸಿ. ಸುತ್ತಲಿನ ಚರ್ಮ ಬೆಳಗಿದಾಗ ಮಚ್ಚೆ ಕಪ್ಪಾಗಿ, ಸುತ್ತಲಿನದು ಕತ್ತಲಾದಾಗ ಮಚ್ಚೆ ಬೆಳಗಿದರೆ ಲಂಬ ತಲೆಕೆಳಗಾಗಿದೆ ಎಂಬುದು ಖಚಿತ. ಲಂಬಗಳನ್ನೆಲ್ಲ ಹೊರಮುಖ ಮಾಡುವ ಆದೇಶ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಇದೆ.

ಇನ್ನು ಕೆನ್ನೆಯ ಮೇಲಿನ ಕಪ್ಪು ಗೆರೆಗಳು. ಇವು ನೆರಳಿನ ಲೆಕ್ಕದಿಂದ ಹುಟ್ಟಿದಂಥವು. ಲ್ಯಾನ್ಸ್ ವಿಲಿಯಮ್ಸ್ 1978ರಲ್ಲಿ ತಿಳಿಸಿದ ಒಂದು ಜಾಣ ವಿಧಾನದಲ್ಲಿ, ಕಂಪ್ಯೂಟರ್ ಮೊದಲು ದೀಪದ ಜಾಗದಲ್ಲಿ ನಿಂತು ನೋಡುತ್ತದೆ. ಅಲ್ಲಿಂದ ಕಾಣುವ ನೋಟವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಎದುರಾಗುವ ಮೊದಲ ವಸ್ತು ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳುತ್ತದೆ. ಅನಂತರ ಕ್ಯಾಮೆರಾಗೆ ಕಾಣುವ ಪ್ರತಿ ಬಿಂದುವನ್ನೂ, ದೀಪದಿಂದ ನಿನ್ನ ದೂರ ಬರೆದಿಟ್ಟ ದೂರಕ್ಕಿಂತ ಹೆಚ್ಚೇ ಎಂದು ಕೇಳುತ್ತದೆ. ಹೆಚ್ಚಾದರೆ ನಡುವೆ ಏನೋ ಅಡ್ಡವಿದೆ, ಬಿಂದು ನೆರಳಿನಲ್ಲಿದೆ. ಆದರೆ ಚೌಕಕ್ಕೆ ಅಗಲವಿದೆ, ಕೆನ್ನೆ ಓರೆಯಾಗಿದೆ. ಒಂದೇ ಚೌಕದೊಳಗೆ ಕೆನ್ನೆಯ ಅರ್ಧಭಾಗ ಬರೆದಿಟ್ಟ ದೂರಕ್ಕಿಂತ ಕೂದಲೆಳೆಯಷ್ಟು ಹಿಂದೆ ಇರುತ್ತದೆ. ಹಾಗಾಗಿ ಕೆನ್ನೆ ತನ್ನ ನೆರಳನ್ನು ತನ್ನ ಮೇಲೆಯೇ ಬೀಳಿಸಿಕೊಂಡಂತೆ ಲೆಕ್ಕ ಬರುತ್ತದೆ!

ಇದಕ್ಕೆ ಮದ್ದು, ಹೋಲಿಸುವ ಮೊದಲು ದೂರದಲ್ಲಿ ಸ್ವಲ್ಪ ರಿಯಾಯಿತಿ ಕೊಡುವುದು. ರಿಯಾಯಿತಿ ಅತಿಯಾದರೆ ನೆರಳು ಪಾದದಿಂದ ಕಳಚಿಕೊಂಡು ಗೊಂಬೆ ನೆಲದಿಂದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ನೆರಳನ್ನು ಕಳೆದುಕೊಂಡ ಕಥೆಯ ಹುಡುಗ ಪೀಟರ್ ಪ್ಯಾನ್‌ನ ಹೆಸರನ್ನೇ ಈ ದೋಷಕ್ಕೆ ಇಟ್ಟಿದ್ದಾರೆ. ಗೆರೆಗಳು ಮಾಯವಾಗುವಷ್ಟು ಮಾತ್ರ ರಿಯಾಯಿತಿ ಕೊಟ್ಟು ಅಲ್ಲಿಗೇ ನಿಲ್ಲಿಸಬೇಕು.

ಕ್ಯಾಮೆರಾ ಜೊತೆ ಮಿನುಗುವ ದೋಷ

ಗೊಂಬೆ ಕದಲದೆ ನಿಂತಿದೆ, ದೀಪವೂ ಕದಲಿಲ್ಲ. ಕ್ಯಾಮೆರಾ ದೂರ ಸರಿದಂತೆ ಅಂಗಿಯ ಮೇಲೆ ಚರ್ಮದ ಬಣ್ಣದ ತೇಪೆಗಳು ಮಿನುಗತೊಡಗುತ್ತವೆ. ಹಿಂದೆ ಹೇಳಿದ ಇಣುಕುವ ಹೊಟ್ಟೆಯಂತೆಯೇ ಇದು ಕಂಡರೂ ಕಾರಣ ಬೇರೆ.

ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಕಂಪ್ಯೂಟರ್ ತೆರೆಯ ಪ್ರತಿ ಚುಕ್ಕೆಗೂ ಒಂದು ಆಳದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಕ್ಯಾಟ್‌ಮಲ್ 1974ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಈ ಆಳದ ಪಟ್ಟಿಯನ್ನು ವಿವರಿಸಿದ್ದಾರೆ. ಈ ಸಂಖ್ಯೆಗೆ ಸಾಮಾನ್ಯವಾಗಿ 24 ಬಿಟ್‌ಗಳ ಜಾಗ ಕೊಡುತ್ತಾರೆ. ಎಂದರೆ ಸುಮಾರು 1 ಕೋಟಿ 68 ಲಕ್ಷ ಮೆಟ್ಟಿಲುಗಳು. ಬೇಕಾದಷ್ಟಾಯಿತು ಎನ್ನಿಸುತ್ತದೆಯೇ? ಮೆಟ್ಟಿಲುಗಳು ಸಮನಾಗಿ ಹಂಚಿಹೋಗಿಲ್ಲ ಎಂಬುದೇ ತೊಡಕು. ಅವುಗಳಲ್ಲಿ ಬಹುಪಾಲು ಕ್ಯಾಮೆರಾದ ಮೂಗಿನ ಹತ್ತಿರವೇ ಖರ್ಚಾಗುತ್ತದೆ. ಎಷ್ಟು ಹತ್ತಿರದಿಂದ ನೋಟ ಆರಂಭವಾಗಬೇಕು ಎಂಬ ಗಡಿಯನ್ನು ನೀವು 1 ಸೆಂಟಿಮೀಟರ್ ಎಂದು ಇಟ್ಟರೆ, 100 ಮೀಟರ್ ದೂರದಲ್ಲಿ ಒಂದು ಮೆಟ್ಟಿಲಿನ ಎತ್ತರ ಸುಮಾರು 6 ಸೆಂಟಿಮೀಟರ್ ಆಗುತ್ತದೆ. ಚರ್ಮಕ್ಕಿಂತ ಅರ್ಧ ಸೆಂಟಿಮೀಟರ್ ಮಾತ್ರ ಹೊರಗಿರುವ ಅಂಗಿ ಅದೇ ಮೆಟ್ಟಿಲಿನ ಮೇಲೆ ಕೂತುಬಿಡುತ್ತದೆ. ಯಾರು ಮುಂದು ಎಂದು ಹೇಳಲು ಕಂಪ್ಯೂಟರಿಗೆ ದಾರಿಯಿಲ್ಲ. ಆರಂಭದ ಗಡಿಯನ್ನು 1 ಮೀಟರಿಗೆ ಸರಿಸಿದರೆ ಅದೇ ಮೆಟ್ಟಿಲು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಅಷ್ಟೆ. ಗೊಂಬೆಯನ್ನು ಮುಟ್ಟದೆ, ಅಂಗಿಯನ್ನು ಮುಟ್ಟದೆ ರೋಗ ವಾಸಿಯಾಯಿತು.

ಒತ್ತೊತ್ತಾದ ಗೆರೆಗಳ ಅಂಗಿ ಹಾಕಿಕೊಂಡು ಸ್ಟುಡಿಯೋಗೆ ಬರಬೇಡಿ ಎಂದು ಅತಿಥಿಗಳಿಗೆ ಹೇಳುವುದುಂಟು. ತೆರೆಯ ಚುಕ್ಕೆಗಳಿಗಿಂತ ಗೆರೆ ಸಣ್ಣದಾದರೆ ಅಲ್ಲಿ ಇಲ್ಲದ ಅಲೆಗಳು ಕಾಣಿಸಿಕೊಳ್ಳುತ್ತವೆ. ಗೊಂಬೆಯ ಅಂಗಿಯಲ್ಲೂ ಇದೇ ಆಗುತ್ತದೆ. ಹೊದಿಕೆಯ ಚಿತ್ರವನ್ನು ಅರ್ಧ, ಕಾಲು, ಅರೆಕಾಲು ಎಂದು ಮೊದಲೇ ಕುಗ್ಗಿಸಿಟ್ಟುಕೊಂಡು, ದೂರಕ್ಕೆ ತಕ್ಕದ್ದನ್ನು ಬಳಸುವ ಉಪಾಯವನ್ನು ಅದೇ ವಿಲಿಯಮ್ಸ್ 1983ರಲ್ಲಿ ಪ್ರಕಟಿಸಿದರು. ಈ ಸೌಲಭ್ಯ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡರೆ ಸಾಕು.

ಯಾವುದಕ್ಕೂ ಜಗ್ಗದ ದೋಷ

ಕೀಲು, ದೀಪ, ಕ್ಯಾಮೆರಾ ಯಾವುದನ್ನು ಕದಲಿಸಿದರೂ ಒಂದು ಗೆರೆ ಚರ್ಮಕ್ಕೆ ಅಂಟಿಕೊಂಡೇ ಇದ್ದರೆ, ಅದು ಹೊದಿಕೆಯದು. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಎಲ್ಲಿಯೂ ಹರಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲು ಸಾಧ್ಯವೇ? ಗೊಂಬೆಯ ಮೈಯನ್ನೂ ಎಲ್ಲಾದರೂ ಕತ್ತರಿಸಿಯೇ ಚಪ್ಪಟೆ ಚಿತ್ರಕ್ಕೆ ಹೊಂದಿಸಬೇಕು. ಆ ಕತ್ತರಿಕೆ ಮತ್ತೆ ಕೂಡುವ ಹೊಲಿಗೆಯಲ್ಲಿ, ಚಿತ್ರದ ಅಂಚಿನಾಚೆಯ ಬಣ್ಣ ಸೋರಿ ಗೆರೆಯಾಗಿ ಕಾಣುತ್ತದೆ. ಚರ್ಮದ ಬಣ್ಣವನ್ನು ಅಂಚಿನಿಂದ ಕೆಲವು ಚುಕ್ಕೆಗಳಷ್ಟು ಹೊರಗೂ ಹರಡಬೇಕು. ಒಳ್ಳೆಯ ದರ್ಜಿ ಹೊಲಿಗೆಯಾಚೆ ಒಂದಿಷ್ಟು ಬಟ್ಟೆ ಬಿಡುತ್ತಾನಲ್ಲ, ಹಾಗೆ. ಹೊಲಿಗೆಯನ್ನು ಒಳತೊಡೆ, ಕೂದಲಿನ ಕೆಳಗೆ ಮುಂತಾದ ಮರೆಯ ಜಾಗಗಳಲ್ಲಿ ಹಾಕುವುದು ಜಾಣತನ.

ಇದಕ್ಕೆ ತದ್ವಿರುದ್ಧವಾದ ದೋಷವೂ ಒಂದಿದೆ. ಏನನ್ನೂ ಬದಲಿಸದೆ ಇನ್ನೊಮ್ಮೆ ಚಿತ್ರ ತೆಗೆದರೂ ಬೇರೆ ಬೇರೆ ಕಡೆ ಬೀಳುವ ಮರಳಿನಂಥ ಕಾಳುಗಳು. ಬೆಳಕಿನ ಕಿರಣಗಳನ್ನು ಯಾದೃಚ್ಛಿಕವಾಗಿ ಆಯ್ದು ಲೆಕ್ಕ ಹಾಕುವ ವಿಧಾನದಲ್ಲಿ ಇದು ಸಹಜ. ಚುನಾವಣಾ ಸಮೀಕ್ಷೆಯಲ್ಲಿ ಕೆಲವರನ್ನೇ ಕೇಳಿದರೆ ಉತ್ತರ ಏರುಪೇರಾಗುವಂತೆ, ಕಡಿಮೆ ಕಿರಣಗಳಿದ್ದರೆ ಕಾಳು ಹೆಚ್ಚು. ಇಲ್ಲಿ ವರ್ಗಮೂಲದ ನಿಯಮ ಕೆಲಸ ಮಾಡುತ್ತದೆ: ಕಾಳು ಅರ್ಧವಾಗಬೇಕಾದರೆ ಕಿರಣಗಳು 4 ಪಟ್ಟಾಗಬೇಕು, ಹತ್ತನೇ ಒಂದಾಗಬೇಕಾದರೆ 100 ಪಟ್ಟು. ಸಮಯವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ ಉಳಿದ ದೋಷಗಳನ್ನೆಲ್ಲ ತಿದ್ದುವವರೆಗೂ ಈ ಕಾಳುಗಳನ್ನು ಸಹಿಸಿಕೊಂಡು, ಕೊನೆಯ ಚಿತ್ರಕ್ಕೆ ಮಾತ್ರ ಕಿರಣ ಹೆಚ್ಚಿಸುವುದು ಲೇಸು.

ಪರೀಕ್ಷೆಯ ಕ್ರಮ

ಇಷ್ಟನ್ನೂ ಒಂದು ಕ್ರಮದಲ್ಲಿ ಇಡೋಣ. ಮೊದಲು ಗೊಂಬೆಯ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಬಣ್ಣದ ಹೊದಿಕೆಯನ್ನು ತೆಗೆದು ಇಡೀ ಮೈಗೆ ಮಣ್ಣಿನ ಗೊಂಬೆಯಂತೆ ಒಂದೇ ಬೂದುಬಣ್ಣ ಕೊಡಿ. ದೋಷ ಹೋಯಿತೇ? ಹಾಗಿದ್ದರೆ ಅದು ಹೊದಿಕೆಯದು. ಹೋಗದಿದ್ದರೆ ಕೈ ಚಾಚಿದ ಮೂಲ ಭಂಗಿಗೆ ಮರಳಿಸಿ. ಈಗ ಹೋಯಿತೇ? ಅದು ಕೀಲು ಮತ್ತು ತೂಕದ್ದು. ಇನ್ನೂ ಹೋಗದಿದ್ದರೆ ಒಂದೇ ದೀಪ ಉಳಿಸಿ, ಅದನ್ನು ಸುತ್ತ ತಿರುಗಿಸಿ. ನೆರಳನ್ನು ನಿಲ್ಲಿಸಿ ನೋಡಿ, ಮತ್ತೆ ಚಾಲೂ ಮಾಡಿ ನೋಡಿ. ಕೊನೆಗೆ ಕ್ಯಾಮೆರಾವನ್ನು ಹತ್ತಿರ, ದೂರ ಒಯ್ಯಿರಿ. ಪ್ರತಿ ಹೆಜ್ಜೆಯಲ್ಲೂ ಏನು ಬದಲಿಸಿದಿರಿ, ಏನು ಕಂಡಿತು ಎಂದು ನೋಟ್‌ಪುಸ್ತಕದಲ್ಲಿ ಎರಡು ಸಾಲು ಬರೆದುಕೊಳ್ಳಿ. ಒಂದು ಹೆಜ್ಜೆ ಹಾಕಿ ಉತ್ತರ ಸಿಗದಿದ್ದರೆ, ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಪಡೆದ ಮೇಲೆಯೇ ಮುಂದಿನ ಹೆಜ್ಜೆ.

ಈ ಅಭ್ಯಾಸಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಬ್ಲೆಂಡರ್ ಎಂಬ ತಂತ್ರಾಂಶ 2002ರಿಂದ ಮುಕ್ತವಾಗಿ ಎಲ್ಲರಿಗೂ ದೊರೆಯುತ್ತಿದೆ. ಶಾಲೆ ಕಾಲೇಜಿನ ಸಾಧಾರಣ ಕಂಪ್ಯೂಟರಿನಲ್ಲೂ ಸರಳ ಗೊಂಬೆಯೊಂದನ್ನು ಅದರಲ್ಲಿ ರಚಿಸಬಹುದು. ಮೊದಲಿಗೆ ಒಂದು ಕೊಳವೆ, ಅದರೊಳಗೆ ಎರಡು ಮೂಳೆ, ನಡುವೆ ಒಂದು ಕೀಲು ಇಷ್ಟನ್ನೇ ಮಾಡಿ. 30, 60, 90, 120 ಡಿಗ್ರಿಗಳಿಗೆ ಮಡಿಸಿ, ಕೀಲಿನ ಬಳಿ ದಪ್ಪ ಎಷ್ಟು ಉಳಿಯಿತು ಎಂದು ಅಳೆಯಿರಿ. ನೀವು ಕಾಗದದ ವೃತ್ತದ ಮೇಲೆ ಕಂಡ ಲೆಕ್ಕದೊಂದಿಗೆ ಅದನ್ನು ಹೋಲಿಸಿ. ತ್ರಿಕೋನಮಿತಿಯ ಪಾಠದಲ್ಲಿ ಕಲಿತ ಕೊಸೈನ್ ಎಂಬುದು ಒಂದು ಮೊಣಕೈಯನ್ನು ಚಪ್ಪಟೆ ಮಾಡಲೂ ಬಲ್ಲದು, ಅದು ಏಕೆ ಚಪ್ಪಟೆಯಾಯಿತೆಂದು ಹೇಳಲೂ ಬಲ್ಲದು ಎಂಬುದು ಆಗ ನಿಮ್ಮ ಅನುಭವಕ್ಕೇ ಬರುತ್ತದೆ.